ವಾರ್ಡನಮ್ಮ ಸಾಕ್ಷ್ಯ ಹೇಳಿದ ದಿನ

ಹೋದ ತಿಂಗಳು ಹಾಸನದಲ್ಲಿ ನನ್ನ ತಂಗಿಯ ಮೊಮ್ಮಗಳ ನಿಶ್ಚಿತಾರ್ಥ ಇತ್ತು. ಛತ್ರ ಹಳೆಯದು. ಲಗ್ನದ ಸೀಸನ್ ಶುರುವಾಗುವ ಮುಂಚೆ ತೇಪೆ ಹಾಕಿ ಬಣ್ಣ ಹೊಡೆಸಿದ್ದರು. ಒಳಗೆ ಕಾಲಿಡುತ್ತಲೇ ವಾಸನೆ ಬಂತು. ಹಸಿ ಸಿಮೆಂಟು, ಅದರ ಮೇಲೆ ಇನ್ನೂ ಸರಿಯಾಗಿ ಆರದ ಡಿಸ್ಟೆಂಪರು. ಮಿಕ್ಕವರಿಗೆಲ್ಲ ಅದು ಶುಭಕಾರ್ಯದ ವಾಸನೆ ಇರಬೇಕು. ನನಗಲ್ಲ. ಕುರ್ಚಿಯಲ್ಲಿ ಕೂತವಳು ಮೇಲೆ ನೋಡತೊಡಗಿದೆ... ಮೂಲೆಗಳು, ಫ್ಯಾನಿನ ಕೊಕ್ಕೆಯ ಸುತ್ತ, ಗೋಡೆಯೂ ಸೂರೂ ಸೇರುವ ಅಂಚು. "ದೊಡ್ಡಜ್ಜಿ, ಮೇಲೆ ಯಾರನ್ನ ಹುಡುಕ್ತಿದೀರಾ? ಹುಡುಗ ಇಲ್ಲಿ ಕೆಳಗಿದಾನೆ!" ಅಂತ ಹುಡುಗಿ ತಮಾಷೆ ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಊಟ ಸೇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ವಾರ್ಡನಮ್ಮ ಪಕ್ಕದ ಕುರ್ಚಿಯಲ್ಲಿ ಬಂದು ಕೂತ ಹಾಗಾಗಿತ್ತು.

ಆಗ ನಾನು ಹೊಳೆನರಸೀಪುರದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದೆ. ಓದಿದ್ದು ಹಾಸನದ ಕಾನ್ವೆಂಟಿನಲ್ಲಿ. ಬೆನ್ನು ಬಗ್ಗಿಸಿ ಕೂತರೂ ಏಟು, ಇಂಗ್ಲಿಷ್ ಉಚ್ಚಾರಣೆ ತಪ್ಪಿದರೂ ಏಟು, ಹಾಗೆ ಬೆಳೆಸಿದ್ದರು ನಮ್ಮ ಸಿಸ್ಟರ್ಸ್. ನೆಟ್ಟಗೆ ನಡೆಯುತ್ತೇನೆ, ಇಂಗ್ಲಿಷ್ ಮಾತಾಡುತ್ತೇನೆ ಅನ್ನುವ ಕಾರಣಕ್ಕೇ ಊರಿನವರು ನನ್ನನ್ನು ಭಾರಿ ಧೈರ್ಯಸ್ಥೆ ಅಂದುಕೊಂಡಿದ್ದರು. ಆಕ್ಚುಲಿ ನನ್ನ ಧೈರ್ಯವೆಲ್ಲ ಅಷ್ಟರಲ್ಲೇ ಇತ್ತು, ಬೆನ್ನಿನಲ್ಲಿ.

ನಾನಿದ್ದ ವಠಾರದ ಪಕ್ಕದ ಮನೆಯಲ್ಲಿ ಅವಳಿದ್ದಳು. ಹುಡುಗಿಯರ ಸರ್ಕಾರಿ ಹಾಸ್ಟೆಲಿನ ವಾರ್ಡನ್. ಊರಿಗೆಲ್ಲ ವಾರ್ಡನಮ್ಮ, ನನಗೂ ವಾರ್ಡನಮ್ಮನೇ. ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿ ಹತ್ತಿರದ ರೈತರ ಮನೆಯ ಹೆಣ್ಣು. ಸರ್ಕಾರಿ ನೌಕರನಾಗಿದ್ದ ಗಂಡ ತೀರಿಹೋದ ಮೇಲೆ ಅನುಕಂಪದ ಆಧಾರದಲ್ಲಿ ಇವಳಿಗೆ ಈ ಕೆಲಸ ಸಿಕ್ಕಿತ್ತು. ಊರಲ್ಲಿದ್ದ ವಯಸ್ಸಾದ ಅತ್ತೆಯ ಜೀವನವೂ ಅದೇ ಸಂಬಳದಲ್ಲಿ ನಡೆಯಬೇಕಿತ್ತು. ನನ್ನನ್ನು "ಮಿಸ್ಸಕ್ಕ" ಅನ್ನುತ್ತಿದ್ದಳು. ಕಾನ್ವೆಂಟ್ ಅಂದಮೇಲೆ ಮಿಸ್ಸು, ಪಕ್ಕದ ಮನೆ ಅಂದಮೇಲೆ ಅಕ್ಕ. ಎರಡನ್ನೂ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅಷ್ಟು ಹೆದರುವ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಗುಡುಗಿಗೆ ಹೆದರಿಕೆ, ಹಲ್ಲಿಗೆ ಹೆದರಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಜೀಪಿಗೆ. ಬೀದಿಯಲ್ಲಿ ಜೀಪಿನ ಸದ್ದಾದರೆ ಸಾಕು, ಸೆರಗು ಹೊದ್ದು ಎದ್ದು ನಿಲ್ಲುತ್ತಿದ್ದಳು, ಅದು ಕರೆಂಟ್ ಆಫೀಸಿನವರ ಜೀಪಾದರೂ ಸರಿಯೇ. ಹಾಸ್ಟೆಲಿನ ಹುಡುಗಿಯರ ಮುಂದೆ ಮಾತ್ರ ಗಂಟಲು ಜೋರು. ಒಂದು ದಿನ ನಮ್ಮ ಅಡಿಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ, "ಮಿಸ್ಸಕ್ಕ, ಎದ್ರಿಕೇಗೆ ಇಂಗ್ಲಿಷ್‌ನಾಗೆ ಏನಂತಾರೆ?" ಅಂದಳು. ಫಿಯರ್ ಅಂದೆ. ಒಂದು ಗಳಿಗೆ ಯೋಚಿಸಿ, "ಅಷ್ಟೇಯಾ? ಇಷ್ಟು ದೊಡ್ಡದಕ್ಕೆ ಅಷ್ಟು ಚಿಕ್ಕ ಮಾತಾ? ನಿಮ್ಮ ಇಂಗ್ಲಿಷ್‌ನೋರು ಎದ್ರೇ ಇಲ್ಲ ಬುಡಿ" ಅಂದಿದ್ದಳು.

ಹಾಸ್ಟೆಲಿನ ನಡುವೆ ಒಂದು ದೊಡ್ಡ ಹಾಲ್ ಇತ್ತು. ಹುಡುಗಿಯರು ಓದುವುದು, ಉಣ್ಣುವುದು, ಮಲಗುವುದು ಎಲ್ಲ ಅಲ್ಲೇ. ಅದರ ಮೋಲ್ಡು, ಅಂದರೆ ಕಾಂಕ್ರೀಟ್ ಸೂರು, ಎಷ್ಟೋ ಮಳೆಗಾಲದಿಂದ ನೀರು ಕುಡಿದು ಕುಡಿದು ಬಿರುಕು ಬಿಟ್ಟಿತ್ತು. ಒಂದು ಮಧ್ಯಾಹ್ನ ಮಕ್ಕಳೆಲ್ಲ ಸ್ಕೂಲಿಗೆ ಹೋಗಿದ್ದಾಗ ಒರಳುಗುಂಡಿನಷ್ಟು ಗಾರೆ ಕಿತ್ತು ಬಂದು ನೆಲಕ್ಕೆ ಬಿತ್ತು. ಬಿದ್ದ ಜಾಗದಲ್ಲಿ ರಾತ್ರಿ ಹೊತ್ತು ಮಗ್ಗುಲಿಗೆ ಮಗ್ಗುಲು ತಾಗಿಸಿಕೊಂಡು ಮಕ್ಕಳು ಮಲಗುತ್ತಿದ್ದವು. ಮೇಲೆ ನೋಡಿದರೆ ಕಂಬಿ ಕಾಣುತ್ತಿತ್ತು. ತುಕ್ಕು ಹಿಡಿದು, ಬೆರಳಲ್ಲಿ ಮುಟ್ಟಿದರೆ ಪುಡಿ ಉದುರುವ ಹಾಗೆ...

ವಾರ್ಡನಮ್ಮ ಆ ಗಾರೆಯ ಹೆಂಟೆಯನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹಾಸ್ಟೆಲ್ ನೋಡಿಕೊಳ್ಳುವ ಇಲಾಖೆಯ ಸಾಹೇಬರ ಟೇಬಲ್ಲಿನ ಮೇಲೆ ಇಟ್ಟು ಬಂದಳು. ಅವಳ ಲೆಕ್ಕದಲ್ಲಿ ಅದು ಹುಲಿಯ ಬಾಯಿಗೆ ಕೈ ಹಾಕಿದಷ್ಟು. ಸಾಹೇಬರು, "ಇದನ್ಯಾಕಮ್ಮಾ ಇಲ್ಲಿಗೆ ತಂದೆ, ಎಸ್ಟಿಮೇಟ್ ಕಳ್ಸಿದೀವಿ, ಹೋಗು" ಅಂದರಂತೆ. ಎಸ್ಟಿಮೇಟ್ ಎಲ್ಲಿಗೋ ಹೋಗಿತ್ತು, ಎಲ್ಲಿಂದಲೂ ವಾಪಸ್ ಬರಲಿಲ್ಲ. ಅವಳು ಹುಡುಗಿಯರ ಚಾಪೆಗಳನ್ನೆಲ್ಲ ಗೋಡೆಯ ಬದಿಗೆ ಸರಿಸಿದಳು. ಯಾಕೆ ಅಂತ ಮಕ್ಕಳಿಗೆ ಹೇಳಲಿಲ್ಲ. ಮಳೆ ಬಂದರೆ ಸಾಕು, ಸೂರು ನೋಡುತ್ತಾ ಕೂತುಬಿಡುತ್ತಿದ್ದಳು. ಬೆಳಿಗ್ಗೆ ಅವಳ ಕಣ್ಣು ನೋಡಿದರೇ ಹಿಂದಿನ ದಿನದ ಮಳೆ ಎಷ್ಟಿತ್ತು ಅಂತ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ನಮ್ಮ ಕಚೇರಿಗೆ ಫ್ಯಾಕ್ಸ್ ಬಂತು. ವಿಧಾನಮಂಡಲದ ಒಂದು ಸಮಿತಿ, ಹೆಂಗಸರು ಮಕ್ಕಳ ವಿಷಯ ನೋಡುವಂಥದ್ದು, ಜಿಲ್ಲೆಗೆ ಬರುತ್ತದೆ. ಹಾಸನದಲ್ಲಿ ಒಂದು ದಿನ, ಅರಕಲಗೂಡು ಮತ್ತು ನಮ್ಮೂರಿಗೆ ಸೇರಿ ಒಂದು ದಿನ. ಅಧಿಕಾರಿಗಳ ಸಾಕ್ಷ್ಯ, ಸಂಸ್ಥೆಗಳ ಪರಿಶೀಲನೆ. ಟೂರ್ ಪ್ರೋಗ್ರಾಮ್‌ನ ಪ್ರತಿಗಳನ್ನು ಟೈಪ್ ಮಾಡಿದವಳು ನಾನೇ. ನಮ್ಮೂರಿನ ಪಟ್ಟಿಯಲ್ಲಿ ವಾರ್ಡನಮ್ಮನ ಹಾಸ್ಟೆಲ್ ಇತ್ತು.

ಸಂಜೆ ಅವಳಿಗೆ ಹೇಳಿದೆ. ಸಮಿತಿ ಅಂದ್ರೆ ಯಾರು, ಮಂತ್ರೀನಾ, ಅಂತ ಕೇಳಿದಳು. ಅಲ್ಲ, ಸದನದ ಸದಸ್ಯರೇ ಒಂದಷ್ಟು ಜನ, ಬೇರೆ ಬೇರೆ ಪಕ್ಷದವರು, ಒಟ್ಟಿಗೆ ಕೂತು ಅಧಿಕಾರಿಗಳನ್ನು ಪ್ರಶ್ನೆ ಕೇಳುತ್ತಾರೆ, ಯಾರು ಏನು ಹೇಳಿದರೂ ಬರೆದುಕೊಳ್ಳುತ್ತಾರೆ, ವರದಿ ಸದನಕ್ಕೆ ಹೋಗುತ್ತದೆ, ಅಲ್ಲಿ ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಅಂತೆಲ್ಲ ವಿವರಿಸಿದೆ. ಧೈರ್ಯ ಕೊಡೋಣ ಅಂತ ಹೇಳಿದ್ದು. ಅವಳ ಮುಖ ಇನ್ನಷ್ಟು ಇಳಿದುಹೋಯಿತು. "ಅಂಗಾದ್ರೆ ನಿಜ ಏಳಿದ್ರೆ ಸಾಹೇಬ್ರು ತಿಂತಾರೆ, ಸುಳ್ಳೇಳಿದ್ರೆ ಸಮಿತಿ ತಿಂತದೆ. ಬಾಯಿ ಬುಡ್ದೇ ಇದ್ರೆ ಮೋಲ್ಡು ಬೀಳ್ತದೆ. ನಂಗೆ ಜಾಗ ಎಲ್ಲೈತೆ ಏಳಿ ಮಿಸ್ಸಕ್ಕ?" ಅಂದಳು.

ಸಮಿತಿ ಬರುತ್ತದೆ ಅಂದರೆ ಒಂದು ಊರು ಹೇಗೆ ಬದಲಾಗುತ್ತದೆ ಅನ್ನುವುದನ್ನು ನೋಡಬೇಕು! ಗಾರೆಯವರು ಬಂದು ಹಾಸ್ಟೆಲಿನ ಬಿರುಕಿಗೆ ಸಿಮೆಂಟು ಮೆತ್ತಿದರು. ಬಣ್ಣದವರು ಬಂದರು. ತೋಟಗಾರಿಕೆಯವರ ಹೂಕುಂಡಗಳು ಟ್ರ್ಯಾಕ್ಟರಿನಲ್ಲಿ ಬಂದು ಬಾಗಿಲಲ್ಲಿ ಸಾಲಾಗಿ ಕೂತವು. ಹುಡುಗಿಯರಿಗೆ ಸ್ವಾಗತ ಗೀತೆ ಕಲಿಸಿದ್ದಾಯಿತು. ಎಲ್ಲ ಮುಗಿದ ಮೇಲೆ ಇನ್ನೊಂದು ಫ್ಯಾಕ್ಸ್: ಅನಿವಾರ್ಯ ಕಾರಣಗಳಿಂದ ಸಮಿತಿಯ ಪ್ರವಾಸವನ್ನು ಮುಂದೂಡಲಾಗಿದೆ. ಕುಂಡಗಳು ಟ್ರ್ಯಾಕ್ಟರ್ ಹತ್ತಿದವು. ಮೆತ್ತಿದ ಸಿಮೆಂಟು ಒಂದು ಮಳೆಗೆ ಚಕ್ಕೆ ಎದ್ದು ಉದುರಿತು.

ಮತ್ತೆ ದಿನಾಂಕ ಬಂತು, ಮತ್ತೆ ಸಿಮೆಂಟು, ಮತ್ತೆ ಕುಂಡ. ಅಧಿವೇಶನ ಮುಂದುವರಿಯಿತು ಅಂತ ಮುಂದೂಡಿದರು. ಆಮೇಲೆ ಯಾವುದೋ ಚುನಾವಣೆಯ ನೀತಿ ಸಂಹಿತೆ. ಪ್ರತಿ ಸಲವೂ ಇಲಾಖೆಯ ಸಾಹೇಬರು ಬಂದು ವಾರ್ಡನಮ್ಮನಿಗೆ ಪಾಠ ಹೇಳಿಕೊಡುತ್ತಿದ್ದರು. "ಕಟ್ಟಡ ಚೆನ್ನಾಗಿದೆ, ಸೌಕರ್ಯ ಇದೆ, ಅಷ್ಟು ಅನ್ನು. ಅಷ್ಟು ಕಲಿಯೋಕಾಗಲ್ವೇನಮ್ಮಾ?"

"ಆಯ್ತದೆ ಸಾ."

"ಅಳಬೇಡ ಮಾತ್ರ. ನೀನು ಅಳೋ ಮುಖದೋಳು. ನಾಳೆ ನಿನ್ನ ಕೆಲಸಕ್ಕೆ ಏನಾದ್ರೂ ಆದ್ರೆ ನಾನು ಜವಾಬ್ದಾರನಲ್ಲ."

ಒಂದೊಂದು ಸಲ ಮುಂದೂಡಿದಾಗಲೂ ನಾನು ಅಬ್ಬಾ ಅಂದುಕೊಳ್ಳುತ್ತಿದ್ದೆ, ಅವಳಿಗೆ ಉಸಿರಾಡಲು ಸ್ವಲ್ಪ ದಿನ ಸಿಕ್ಕಿತಲ್ಲ ಅಂತ. ಅವಳು ಮಾತ್ರ, "ಬಂದು ಓಗ್ಬಾರ್ದಾ ಮಿಸ್ಸಕ್ಕ, ಒಂದು ಸಲ ಸಾಯ್ಬೋದು, ಇಂಗೆ ವಾಯ್ದೆ ಮ್ಯಾಲೆ ಸಾಯಕ್ಕಾಗಲ್ಲ" ಅನ್ನುತ್ತಿದ್ದಳು.

ಕೊನೆಗೆ ನಿಜವಾಗಿಯೂ ದಿನ ಗೊತ್ತಾಯಿತು. ಈ ಸಲ ಕೆಲಸ ಜೋರಾಗಿ ನಡೆಯಿತು. ಮೋಲ್ಡಿನ ಅಡಿಗೆ ದಪ್ಪಗೆ ಗಾರೆ, ಅದರ ಮೇಲೆ ಎರಡು ಕೋಟ್ ತಿಳಿನೀಲಿ ಬಣ್ಣ, ಹೊಸ ಟ್ಯೂಬ್‌ಲೈಟುಗಳು. ಹಾಲ್ ಥಳಥಳ ಹೊಳೆಯುತ್ತಿತ್ತು. ಒಳಗೆ ಹೋದರೆ ಮೂಗು ಹಿಡಿಯುವಷ್ಟು ವಾಸನೆ.

ಎಡವಟ್ಟು ಆದದ್ದು ಅಲ್ಲಿಂದ. ಸಾಕ್ಷ್ಯದ ಸಭೆ ಐ.ಬಿ.ಯಲ್ಲಿ, ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ, ಅಂತ ನಿಗದಿಯಾಗಿತ್ತು. ಹಿಂದಿನ ದಿನ ಯಾರೋ ದೊಡ್ಡವರು ಐ.ಬಿ.ಗೆ ಬಂದು ಇಳಿದುಕೊಂಡರು. ಊರಿನ ಇನ್ನೊಂದು ಸಭಾಂಗಣದಲ್ಲಿ ಮದುವೆ. ಹಾಸನದಿಂದ ಪ್ರೋಟೊಕಾಲ್ ನೋಡಲು ಬಂದಿದ್ದ ಹೊಸ ಅಧಿಕಾರಿ ತಲೆ ಕೆಡಿಸಿಕೊಂಡು ಹಾಸ್ಟೆಲ್ ನೋಡಲು ಬಂದರು. ನೋಟ್ಸ್ ಮಾಡಿಕೊಳ್ಳಲು ನಾನೂ ಜೊತೆಯಲ್ಲಿದ್ದೆ. ಅವರು ಬಾಗಿಲಲ್ಲೇ ನಿಂತುಬಿಟ್ಟರು. "ಅಲ್ರೀ, ಇಷ್ಟು ಚೆನ್ನಾಗಿರೋ ಹಾಲ್ ಇಟ್ಕೊಂಡು ಊರೆಲ್ಲ ಅಲೆಸ್ತೀರಲ್ಲ! ಮೀಟಿಂಗ್ ಇಲ್ಲೇ ಮಾಡಿ."

ಇಲಾಖೆಯ ಸಾಹೇಬರ ಮುಖ ಸುಣ್ಣದ ಹಾಗಾಯಿತು. "ಸರ್... ಇದು ಹುಡುಗೀರ ಹಾಸ್ಟೆಲ್ಲು... ಡಿಸ್ಟರ್ಬೆನ್ಸ್..." ಅಂದರು.

"ಏನ್ರೀ ಡಿಸ್ಟರ್ಬೆನ್ಸ್? ಸಮಿತಿ ಬರೋದೇ ಹುಡುಗೀರ ವಿಷಯಕ್ಕೆ. ಮಕ್ಕಳೂ ಹಿಂದೆ ನಿಂತ್ಕೊಳ್ಳಲಿ, ಹಾಡು ಹೇಳಲಿ, ಕೇಳಿದ್ದಕ್ಕೆ ಉತ್ತರ ಕೊಡಲಿ. ಎಷ್ಟು ಒಳ್ಳೆ ಇಂಪ್ರೆಶನ್!"

ಬೇಡ ಅನ್ನಬೇಕಾದರೆ ಯಾಕೆ ಬೇಡ ಅಂತ ಹೇಳಬೇಕಿತ್ತು. ಹೇಳಿದರೆ ಅಷ್ಟು ದಿನ ಮೆತ್ತಿದ್ದೆಲ್ಲ ಬಯಲಿಗೆ ಬರುತ್ತಿತ್ತು. ಸಾಹೇಬರು ಬಾಯಿ ತೆರೆದು, ಮುಚ್ಚಿ, "ಆಗಲಿ ಸರ್" ಅಂದರು. ನಾನು ವಾಪಸ್ ಬಂದ ತಕ್ಷಣ ನಮ್ಮ ಕಚೇರಿಯ ಮೇಲಧಿಕಾರಿಗೆ ವಿಷಯ ಹೇಳಿದೆ. ಅವರು ತಲೆ ಎತ್ತಲಿಲ್ಲ. "ಅದು ನಮ್ಮ ಇಲಾಖೆ ಬಿಲ್ಡಿಂಗ್ ಅಲ್ಲ ಮಿಸ್. ಯೂ ಪ್ಲೀಸ್ ಟೈಪ್ ದಿ ಸೀಟಿಂಗ್" ಅಂದರು. ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಟೈಪ್ ಮಾಡಿದೆ. ಅಧ್ಯಕ್ಷರ ಕುರ್ಚಿ ಗಾರೆ ಬಿದ್ದಿದ್ದ ಜಾಗದ ನೇರ ಕೆಳಗೆ ಬಂದಿತ್ತು.

ಅವತ್ತು ಬೆಳಿಗ್ಗೆಯಿಂದ ಹನಿ ಮಳೆ. ಕರೆಂಟ್ ನಂಬುವ ಹಾಗಿಲ್ಲ ಅಂತ ಬಾಡಿಗೆ ಜನರೇಟರ್ ತಂದು ಹಾಲ್‌ನ ಗೋಡೆಗೇ ಒರಗಿಸಿ ಇಟ್ಟಿದ್ದರು. ಅದು ಶುರುವಾದ ಕೂಡಲೇ ಕಿಟಕಿಯ ಗಾಜುಗಳು ಕಟಕಟ ಅನ್ನತೊಡಗಿದವು. ನೆಲದ ನಡುಕ ಚಪ್ಪಲಿಯ ಅಡಿಯಿಂದ ಕಾಲಿಗೆ ಹತ್ತುತ್ತಿತ್ತು. ಸಮಿತಿಯ ಅಧ್ಯಕ್ಷೆ ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಸದಸ್ಯರು, ಮಾತುಗಳನ್ನೆಲ್ಲ ಬರೆದುಕೊಳ್ಳಲು ಬೆಂಗಳೂರಿನಿಂದ ಬಂದ ಸದನದ ವರದಿಗಾರರು, ಅವರ ಸಹಾಯಕ್ಕೆ ನಾನು. ಹಿಂದಿನ ಗೋಡೆಗೆ ಎರಡು ಜಡೆ, ಬಿಳಿ ರಿಬ್ಬನ್ನಿನ ಹುಡುಗಿಯರು ಸಾಲಾಗಿ. ಅವರ ಪಕ್ಕದಲ್ಲಿ ಇಸ್ತ್ರಿ ಸೀರೆ ಉಟ್ಟು ವಾರ್ಡನಮ್ಮ... ಅವಳ ತುಟಿ ಅಲ್ಲಾಡುತ್ತಿತ್ತು. ಪಾಠ ಒಪ್ಪಿಸಿಕೊಳ್ಳುತ್ತಿದ್ದಾಳೋ ದೇವರನ್ನು ನೆನೆಯುತ್ತಿದ್ದಾಳೋ ತಿಳಿಯಲಿಲ್ಲ.

ಒಂದೊಂದೇ ಇಲಾಖೆಯನ್ನು ಕರೆದರು. ಕಳಿಸಿದ್ದ ಪ್ರಶ್ನಾವಳಿ, ಬಂದ ಉತ್ತರ, ಅಂಕಿ ಅಂಶ. ನನ್ನ ಪೆನ್ಸಿಲ್ ತಾನಾಗಿ ಓಡುತ್ತಿತ್ತು, ನನ್ನ ಕಿವಿಯೆಲ್ಲ ಮೇಲೆ. ಬಿಸ್ಕತ್ತು ಮುರಿದ ಹಾಗೆ ಸಣ್ಣ ಸದ್ದು ಕೇಳಿಸಿತು. ನನ್ನ ಶಾರ್ಟ್‌ಹ್ಯಾಂಡ್ ಪುಟದ ಮೇಲೆ ನೀಲಿ ಬಣ್ಣದ ಒಂದು ಚಕ್ಕೆ ಬಂದು ಬಿತ್ತು. ಊದಿ ಹಾರಿಸಲೂ ಭಯವಾಯಿತು, ಎಲ್ಲಿ ನನ್ನ ಉಸಿರಿಗೇ ಉಳಿದದ್ದು ಬಂದುಬಿಡುತ್ತದೋ ಅಂತ. ಲಾರ್ಡ್, ಲಾರ್ಡ್ ಅಂದುಕೊಂಡೆ. ಕಾನ್ವೆಂಟ್ ಬಿಟ್ಟ ಮೇಲೆ ಆ ಪದ ಬಾಯಿಗೆ ಬಂದದ್ದು ಅವತ್ತೇ.

ಹಾಸ್ಟೆಲಿನ ಸರದಿ ಬಂತು. "ಕಟ್ಟಡ ಹೇಗಿದೆ?" ಅಂತ ಅಧ್ಯಕ್ಷೆ ಕೇಳಿದರು. ಸಾಹೇಬರು ಎದ್ದು, "ಸುಸ್ಥಿತಿಯಲ್ಲಿದೆ ಮೇಡಂ, ತಾವೇ ನೋಡ್ತಿದೀರಲ್ಲ" ಅಂದರು. ಸದಸ್ಯರೊಬ್ಬರು ತಲೆದೂಗಿದರು. ಇನ್ನೇನು ಮುಂದಿನ ಪುಟ ತಿರುಗಿಸಬೇಕು, ಅಧ್ಯಕ್ಷೆ ಕನ್ನಡಕದ ಮೇಲಿಂದ ಹಿಂದಕ್ಕೆ ನೋಡಿ, "ವಾರ್ಡನ್ ಯಾರಮ್ಮ? ಮುಂದೆ ಬನ್ನಿ. ನೀವೇನು ಹೇಳ್ತೀರಾ?" ಅಂದರು.

ಅವಳು ಬಂದಳು. ಹೇಗೆ ಬಂದಳೋ. ಮೈಕ್ ಕೊಟ್ಟರು. ಎರಡೂ ಕೈಯಲ್ಲಿ ಅದನ್ನು ಅವಚಿಕೊಂಡಳು, ಸೆರಗು ಉಜ್ಜಿದ ಸದ್ದೆಲ್ಲ ಸ್ಪೀಕರಿನಲ್ಲಿ ಕೇಳಿಸಿತು. ಸಾಹೇಬರು ಅವಳನ್ನೇ ನೋಡುತ್ತಿದ್ದರು. ನಾನು ಪೆನ್ಸಿಲ್ ಹಿಡಿದು ಕಾಯುತ್ತಿದ್ದೆ... ಕಟ್ಟಡ ಚೆನ್ನಾಗಿದೆ ಅಂದುಬಿಡು ತಾಯಿ, ಅಂದು ಮುಗಿಸು, ಎಲ್ಲರೂ ಎದ್ದು ಆಚೆ ಹೋಗೋಣ, ಅನ್ನಿಸಿತ್ತು ನನಗೆ. ಅಷ್ಟರ ಮಟ್ಟಿಗಿತ್ತು ನನ್ನ ಹೆದರಿಕೆ.

"ಮೇಡಮ್ಮಾರೇ," ಅಂದಳು. "ಮೊದ್ಲು ಮಕ್ಳನ್ನ ಆಚ್ಗೆ ಕಳ್ಸಿ. ಆಮ್ಯಾಕೆ ಏಳ್ತೀನಿ."

ಅಧ್ಯಕ್ಷೆ ನೆಟ್ಟಗೆ ಕೂತರು. ಮಕ್ಕಳ ಕಿವಿಗೆ ಬೀಳಬಾರದ ವಿಷಯ ಏನೋ ಇದೆ ಅಂತ ಅವರು ತಿಳಿದಿರಬೇಕು. ಅಂಥ ಎಷ್ಟು ಸಂಗತಿಗಳನ್ನು ಆ ಸಮಿತಿ ಕೇಳಿರುತ್ತದೋ. ಮಕ್ಕಳನ್ನು ಹೊರಗೆ ಕಳಿಸಿ ಅಂದರು. ಹುಡುಗಿಯರು ಸಾಲಾಗಿ ಹೋದರು. ಕೊನೆಯ ಹುಡುಗಿ ಹೊಸ್ತಿಲು ದಾಟುವವರೆಗೂ ವಾರ್ಡನಮ್ಮ ತಿರುಗಿ ನೋಡುತ್ತಲೇ ಇದ್ದಳು. ಆಮೇಲೆ ಒಂದು ಉಸಿರು ಬಿಟ್ಟಳು, ಅದೂ ಸ್ಪೀಕರಿನಲ್ಲಿ ಕೇಳಿಸಿತು.

"ಈಗ ಹೇಳಿ."

"ಈಗ ತಾವೂ ಆಚ್ಗೆ ಬನ್ನಿ ಮೇಡಮ್ಮಾರೇ. ಈ ಮೋಲ್ಡು ಬೀಳ್ತದೆ."

ಸಾಹೇಬರು ಚಂಗನೆ ಎದ್ದರು. "ಏಯ್, ಏನಮ್ಮಾ! ತಲೆಗಿಲೆ ಕೆಟ್ಟಿದೆಯಾ? ಮೇಡಂ, ಇವಳು ಸ್ವಲ್ಪ ಹೆದರೋ ಸ್ವಭಾವ, ಹಲ್ಲಿ ಕಂಡರೂ ಕಿರುಚ್ತಾಳೆ..."

"ಊಂ ಸಾ, ಎದರ್ತೀನಿ," ಅಂದಳು. ಅಳುತ್ತಿದ್ದಳು, ಬೇಡ ಅಂದಿದ್ದ ಅಳುವನ್ನೇ. "ನೀವೂ ಎದರ್ಕಂಡಿದೀರ ಸಾ. ಬಂದಾಗ್ನಿಂದ ನೋಡ್ತಾ ಇವ್ನಿ, ಕುರ್ಚಿನ ಬಾಗ್ಲ್ ತಾವ್ಕೆ ಎಳ್ಕತಾನೇ ಇದೀರ. ಮೊದ್ಲು ಗಾಂಧಿ ಪಟದ್ ಕೆಳ್ಗಿದ್ರಿ. ಈಗೆಲ್ಲಿದೀರ ನೋಡ್ಕಳಿ."

ಎಲ್ಲರೂ ನೋಡಿದರು. ಸಾಹೇಬರ ಕುರ್ಚಿ ಹೊಸ್ತಿಲ ಹತ್ತಿರ ಇತ್ತು. ಕಟ್ಟಡ ಭದ್ರವಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದ ಇಂಜಿನಿಯರ್ ಒಳಗೇ ಇರಲಿಲ್ಲ. ಫೋನ್ ಬಂತು ಅಂತ ಎದ್ದು ಹೋದವರು ಮಳೆಯಲ್ಲಿ ನೆನೆಯುತ್ತಾ ಅಂಗಳದಲ್ಲಿ ನಿಂತಿದ್ದರು.

ಅಧ್ಯಕ್ಷೆ ನಿಧಾನವಾಗಿ ತಲೆ ಎತ್ತಿ ಸೂರು ನೋಡಿದರು. ಹೊಸ ನೀಲಿಯ ನಡುವೆ ಕೂದಲೆಳೆಯಂಥ ಒಂದು ಗೀರು ಆಗಲೇ ಮೂಡಿತ್ತು. ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು. "ಸಭೆಯನ್ನ ಹೊರಗೆ ಮುಂದುವರಿಸೋಣ," ಅಂದರು. ಮೊದಲು ಎಲ್ಲರೂ ಮರ್ಯಾದೆಯಿಂದಲೇ ಎದ್ದರು, ಮೊದಲು ನೀವು, ಇಲ್ಲ ನೀವು, ಅಂತ. ಅಷ್ಟರಲ್ಲಿ ಜನರೇಟರ್ ಒಮ್ಮೆ ಕೆಮ್ಮಿ ಗಾಜುಗಳು ಗಡಗಡ ಅಂದವು. ಆಮೇಲೆ ಮರ್ಯಾದೆ ಉಳಿಯಲಿಲ್ಲ. ಬಾಗಿಲಲ್ಲಿ ನನ್ನ ಚಪ್ಪಲಿ ಕಿತ್ತುಹೋಯಿತು. ವಾರ್ಡನಮ್ಮ ಎಲ್ಲರಿಗಿಂತ ಕೊನೆಗೆ ಬಂದಳು.

ಹೊಂಗೆಮರದ ಕೆಳಗೆ, ಛತ್ರಿಗಳ ಅಡಿಯಲ್ಲಿ, ಒದ್ದೆ ಕುರ್ಚಿಗಳ ಮೇಲೆ ಸಮಿತಿ ಅವಳ ಸಾಕ್ಷ್ಯ ತೆಗೆದುಕೊಂಡಿತು. ಗಾರೆ ಬಿದ್ದದ್ದು, ಚೀಲದಲ್ಲಿ ಒಯ್ದದ್ದು, ಒಂದೊಂದು ಸಲವೂ ಮೆತ್ತಿದ್ದು, ಎಲ್ಲ ಹೇಳಿದಳು. ನಡುನಡುವೆ ಹಾಲ್ ಕಡೆ ತಿರುಗಿ ನೋಡುತ್ತಿದ್ದಳು. ನಾವೆಲ್ಲರೂ ನೋಡುತ್ತಿದ್ದೆವು. ಅದು ಬೀಳಲಿಲ್ಲ.

ಮಾರನೆಯ ದಿನವೂ ಬೀಳಲಿಲ್ಲ. ಆ ಮಳೆಗಾಲ ಪೂರ್ತಿ ಬೀಳಲಿಲ್ಲ.

ಸಮಿತಿ ಹೇಳಿದ ಮೇಲೆ ಹುಡುಗಿಯರನ್ನು ಬಾಡಿಗೆ ಮನೆಗೆ ಸಾಗಿಸಿದರು, ಹಾಲ್‌ಗೆ ಬೀಗ ಬಿತ್ತು. ಟೆಸ್ಟ್ ಮಾಡಿಸುತ್ತೇವೆ ಅಂದರು, ಯಾರೂ ಮಾಡಿಸಲಿಲ್ಲ. ಸಮಿತಿಯ ಅವಧಿ ಮುಗಿಯಿತು. ಹೊಸ ಸಮಿತಿ, ಹೊಸ ಅಧ್ಯಕ್ಷರು, ಹೊಸ ವಿಷಯ. ಇಲಾಖೆಗೆ ಮಾತ್ರ ಮರೆವು ಬರಲಿಲ್ಲ. ಸಮಿತಿಯ ಮುಂದೆ ಉತ್ಪ್ರೇಕ್ಷೆಯ ಹೇಳಿಕೆ ಕೊಟ್ಟು ಗಾಬರಿ ಹುಟ್ಟಿಸಿದಳು ಅಂತ ಅವಳ ಮೇಲೆ ವಿಚಾರಣೆ ಹೂಡಿದರು. ಅವರ ವಾದ ಸರಳವಾಗಿತ್ತು. ಬೀಳುತ್ತದೆ ಅಂದಳು, ಬಿತ್ತೆ? ಮೊದಲು ಅರಕಲಗೂಡಿನ ಕಡೆಗೆ ವರ್ಗ, ಆಮೇಲೆ ಜಿಲ್ಲೆಯ ಆಚೆಗೆ, ಬಡ್ತಿ ಇಲ್ಲ. ಸಾಮಾನು ಕಟ್ಟುವ ದಿನ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು, "ವಾರ್ಡನಮ್ಮಾ, ನಮ್ಮನೆ ಮಾಳಿಗೇನೂ ಒಸಿ ನೋಡಿ ಏಳ್ಬುಟ್ಟೋಗಿ, ಯಾವಾಗ ಬೀಳ್ತದೆ?" ಅಂತ ಕಿಚಾಯಿಸಿದ. "ನೀನು ಮನೀಕಂಡಾಗ ನೋಡ್ಕಂಡು ಬೀಳ್ತದೆ, ಓಗ್ಲಾ" ಅಂದು ಬಸ್ ಹತ್ತಿದಳು. ಕಿಟಕಿಯಲ್ಲಿ ಕೂತ ಮೇಲೆ ಮುಖ ತಿರುಗಿಸಿಕೊಂಡಳು.

ಆಮೇಲೆ ಮಳೆ ಹಿಡಿದಾಗಲೆಲ್ಲ ಫೋನ್ ಮಾಡುತ್ತಿದ್ದಳು. ಊಟ ತಿಂಡಿ ವಿಚಾರಿಸಿ, ನನ್ನ ಮಂಡಿನೋವು ವಿಚಾರಿಸಿ, ಕೊನೆಗೆ ಧ್ವನಿ ತಗ್ಗಿಸಿ, "ಐತಾ ಮಿಸ್ಸಕ್ಕ?" ಅನ್ನುತ್ತಿದ್ದಳು. ಇದೆ ಕಣೆ, ಅನ್ನುತ್ತಿದ್ದೆ. ಆಯ್ತು ಅಂತ ಫೋನ್ ಇಟ್ಟುಬಿಡುತ್ತಿದ್ದಳು. ಒಂದು ಸಲ ಮಾತ್ರ ಹೇಳಿದಳು: "ಬೀಳ್ಲಿ ಅಂತ ಕೈ ಮುಗಿಯಕ್ಕಾಯ್ತದಾ? ಬೀಗ ಆಕಿದ್ರೂ ಗ್ವಾಡೆ ಪಕ್ಕ ಮೇಕೆ ಮನಿಕತವೆ, ಐಕ್ಳು ಗೋಲಿ ಆಡ್ತವೆ. ಬೀಳ್ದೇ ಇದ್ರೆ ನಾನು ಸುಳ್ಳಿ. ಬಿದ್ರೆ ಪಾಪ ಯಾರಿಗೋ... ಆವಾಗ್ಲೇ ವಾಸಿ ಇತ್ತು ಮಿಸ್ಸಕ್ಕ. ಒಂದೇ ಎದ್ರಿಕೆ ಇತ್ತು."

ಕೊನೆಗೆ ಚನ್ನರಾಯಪಟ್ಟಣಕ್ಕೆ ವರ್ಗ ಮಾಡಿಸಿಕೊಂಡು ಬಂದಳು, ಅಲ್ಲೇ ನಿವೃತ್ತಿಯಾದಳು. ಅಷ್ಟು ಹೊತ್ತಿಗೆ ನಾನೂ ನಿವೃತ್ತಿಯಾಗಿ ಹಾಸನಕ್ಕೆ, ತಂಗಿಯ ಮನೆಗೆ ಬಂದಿದ್ದೆ. ಕಾಯಿಲೆ ಬಿದ್ದಿದ್ದಾಳೆ ಅಂತ ತಿಳಿದು ನೋಡಲು ಹೋದಾಗ ಗುರುತು ಹಿಡಿದಳು, ಕೈ ಹಿಡಿದುಕೊಂಡಳು. ಸೂರಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ಹೋದ ಮಾರನೇ ವರ್ಷ ಯಾವುದೋ ಪೆನ್ಶನ್ ಕೆಲಸಕ್ಕೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಹಾಸ್ಟೆಲಿನ ಬೀದಿಯಲ್ಲಿ ಜೆಸಿಬಿ ನಿಂತಿತ್ತು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ಬಾಗಿಲು ಕಿಟಕಿಗಳನ್ನೆಲ್ಲ ಆಗಲೇ ಕಿತ್ತಿದ್ದರು, ಒಳಗಿನ ನೀಲಿ ಬಿಸಿಲಿಗೆ ಬಿದ್ದಿತ್ತು. ನೋಡಲು ಜನ ಸೇರಿದ್ದರು, ನಾನೂ ನಿಂತೆ. ಜೆಸಿಬಿ ಕೈ ಎತ್ತಿತು. ಒಂದು ಪೆಟ್ಟು ಅಷ್ಟೇ, ಒಂದೇ ಪೆಟ್ಟಿಗೆ ಅದು ಕುಸಿದರೆ ಅವಳು ಹೇಳಿದ್ದು ನಿಜ. ಆದರೆ ಕುಸಿಯದಿದ್ದರೆ? ಮತ್ತೆ ಹೊಡೆದು, ಮತ್ತೆ ಹೊಡೆದು, ಇಡೀ ದಿನ ಹಿಡಿದರೆ? ಏನು ಗಟ್ಟಿ ಕಟ್ಟಿದಾರೆ ಮಾರಾಯ ಅಂತ ಯಾರಾದರೂ ಅಂದುಬಿಟ್ಟರೆ?

ಎದುರಿಗೆ ಬಂದ ಆಟೋಗೆ ಕೈ ಅಡ್ಡ ಹಾಕಿ, ಹತ್ತಿ, ಬೇಗ ಹೋಗಪ್ಪಾ ಅಂದೆ. ಕಿವಿಗಳೆರಡನ್ನೂ ಅಂಗೈಯಿಂದ ಮುಚ್ಚಿಕೊಂಡಿದ್ದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ, ಈ ಮುದುಕಿಗೆ ಏನಾಯಿತು ಅಂತ.

ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ಇದೆಯಂತೆ. ಆ ಹಳೇ ಹಾಲ್ ಎಷ್ಟು ಪೆಟ್ಟಿಗೆ ಬಿತ್ತು ಅಂತ ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಗೊತ್ತಿರುವವರು ಇನ್ನೂ ಊರಲ್ಲಿದ್ದಾರೆ, ಒಂದು ಫೋನ್ ಮಾಡಿದರೆ ಸಾಕು. ಆದರೆ ಅದನ್ನು ಕೇಳಬೇಕಾದವಳು ಅವಳು. ಅವಳಿಲ್ಲ.